ಕೇಕಿಗೂ ಒಂದು ಪಂಚಾಂಗ

“ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆನೇ ಬಂದ್ಬಿಡ್ತೀನಿ ಕಣೇ. ಪ್ಲಮ್ ಕೇಕ್ ನೀನೇ ಮಾಡ್ಬೇಕು, ಬೇಕರಿದು ಬೇಡ” ಎಂದು ದೂರದೂರಿನ ಗೆಳತಿ ಫೋನಿನಲ್ಲಿ ಹೇಳುತ್ತಾಳೆ. “ಅಯ್ಯೋ, ಅದಕ್ಕೇನಂತೆ, ಬಾರೇ” ಎಂದು ಈ ಕಡೆಯವರು ಒಪ್ಪಿಕೊಂಡೂ ಬಿಡುತ್ತಾರೆ. ಎಲ್ಲ ಅವಾಂತರದ ಬೀಜ ಬೀಳುವುದು ಇಲ್ಲೇ. ಉಪ್ಪಿಟ್ಟಿಗೆ ಇಪ್ಪತ್ತು ನಿಮಿಷ, ಕೇಸರಿಬಾತಿಗೆ ಅರ್ಧ ಗಂಟೆ ಎಂದು ರೂಢಿಯಾದ ಅಡುಗೆಮನೆಗೆ ಕೇಕಿನ ಲೆಕ್ಕ ವಾರಗಳಲ್ಲಿ ನಡೆಯುತ್ತದೆ ಎನ್ನುವುದು ಹೊಳೆಯುವುದೇ ಇಲ್ಲ. ಹೊಳೆಯುವ ಹೊತ್ತಿಗೆ ಡಿಸೆಂಬರ್ 22ರ ಸಂಜೆ. ಗೆಳತಿ ರಾತ್ರಿ ಬಸ್ಸಿಗೆ ಬ್ಯಾಗು ತುಂಬುತ್ತಿರುತ್ತಾಳೆ.

ಹಿಂದಿನಿಂದ ಎಣಿಸಿ ನೋಡಿ. 25ಕ್ಕೆ ಕತ್ತರಿಸುವ ಕೇಕು 20ರೊಳಗೆ ಓವನ್ನಿನಿಂದ ಇಳಿದಿರಬೇಕು. ಹಣ್ಣಿನ ತೇವ, ಬೆಣ್ಣೆ, ಮಸಾಲೆ ಒಂದಕ್ಕೊಂದು ಹೊಂದಿಕೊಳ್ಳಲು ನಾಲ್ಕೈದು ದಿನ ಬೇಕೇಬೇಕು. ಅದಕ್ಕೂ ಮುಂಚೆ ಹಣ್ಣು ರಮ್ಮಿನಲ್ಲಿ ನೆನೆಯಲು ಎರಡು ವಾರ, ಪುರುಸೊತ್ತಿದ್ದವರಿಗೆ ಒಂದು ತಿಂಗಳು. ಅಂದರೆ ದೀಪಾವಳಿಯ ಪಟಾಕಿ ಕಸ ಗುಡಿಸಿದ ಮೇಲೆ ಮನೆಯಲ್ಲಿ ಮಾಡಬೇಕಾದ ಮುಂದಿನ ಕೆಲಸ ಒಣದ್ರಾಕ್ಷಿ ತರುವುದು.

ಎಂಟಿಂಚಿನ ಟಿನ್ನಿಗೆ ಅರ್ಧ ಕೆಜಿ ಹಣ್ಣು: ಕರಿ ಒಣದ್ರಾಕ್ಷಿ 200 ಗ್ರಾಂ, ಹಳದಿಯದು 100, ಖರ್ಜೂರ 75, ಅಂಜೂರ 50, ಚೆರ್ರಿ ಮತ್ತು ಟೂಟಿ ಫ್ರೂಟಿ ಸೇರಿ 50, ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ 25. ಸಿಪ್ಪೆಯ ಒಳಗಿನ ಬಿಳಿ ಪದರ ಕೆರೆದು ತೆಗೆಯದಿದ್ದರೆ ಹಾಗಲಕಾಯಿ ನೆನಪಾಗುತ್ತದೆ. ಪ್ಲಮ್ ಎಲ್ಲಿ ಎಂದು ಕೇಳಬೇಡಿ. ಹಳೆಯ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿಗೇ ಪ್ಲಮ್ ಅನ್ನುತ್ತಿದ್ದರು, ಹೆಸರು ಹಾಗೇ ಉಳಿಯಿತು. ಇನ್ನು ಟೂಟಿ ಫ್ರೂಟಿ ಎಂದರೆ ಬಣ್ಣ ಹಚ್ಚಿಕೊಂಡ ಪರಂಗಿಕಾಯಿ. ಅಂಗಡಿಯ ಡಬ್ಬದ ಕೆಂಪು ಚೆರ್ರಿ ಎಷ್ಟೋ ಸಲ ನಮ್ಮ ಕವಳಿ ಹಣ್ಣೇ, ವೇಷ ಮರೆಸಿಕೊಂಡು ಕೂತಿರುತ್ತದೆ. ಯಾರೂ ತಾವು ಹೇಳಿಕೊಂಡವರಲ್ಲದ ಈ ಸಭೆಯ ಮೇಲೆ 150 ಮಿಲಿ ರಮ್ ಹೊಯ್ದು ಗಾಜಿನ ಜಾಡಿಯಲ್ಲಿ ಮುಚ್ಚಿಡಬೇಕು. ನಿಯಮ ಉಪ್ಪಿನಕಾಯಿ ಭರಣಿಯದೇ: ಒದ್ದೆ ಚಮಚ ಹಾಕಿದವರ ಕೈ ಮುರಿಯಬೇಕು.

ರಮ್ ಒಲ್ಲದವರು ಕಿತ್ತಳೆ ರಸದಲ್ಲಿ ನೆನೆಸಬಹುದು, ಆದರೆ ಫ್ರಿಜ್ಜಿನಲ್ಲಿ, ಎರಡೇ ದಿನ. “ರಮ್ಮಿಗೆ ಒಂದು ತಿಂಗಳಾದರೆ ರಸಕ್ಕೂ ಒಂದು ತಿಂಗಳು” ಎಂದು ಕಪಾಟಿನಲ್ಲಿಟ್ಟರೆ ಅದು ಹುಳಿ ಬಂದು, ಮುಚ್ಚಳ ಹಾರಿಸಿ, ತಾನೇ ಒಂದು ಬಗೆಯ ಮದ್ಯವಾಗಲು ಹೊರಟಿರುತ್ತದೆ. 22ರ ಸಂಜೆ ಎಚ್ಚರವಾದವರಿಗೂ ದಾರಿ ಇದೆ. ಹಣ್ಣನ್ನು ಕಿತ್ತಳೆ ರಸದಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ರಮ್ ಬೇಕಿದ್ದರೆ ಒಲೆ ಆರಿಸಿದ ಮೇಲೆ ಸೇರಿಸಿ. ಉರಿಯುವ ಗ್ಯಾಸಿನ ಮೇಲೆ ರಮ್ ಸುರಿದರೆ ಕೇಕಿಗಿಂತ ಮೊದಲು ಹುಬ್ಬು ಬೇಯುತ್ತದೆ.

ಬದಲಿ ಹುಡುಕುವುದು ಅವಮಾನವೇನಲ್ಲ. ಮಂಗಳೂರಿನಿಂದ ಕೆಳಗೆ ರೈಲಿನಲ್ಲಿ ಹೋದರೆ ಸಿಗುವ ಕೇರಳದ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗೆ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟರು. ದೊರೆ ಬ್ರಾಂದಿ ಹಾಕು ಅಂದಿದ್ದರಂತೆ, ಬಾಪು ಊರಿನ ಗೇರುಹಣ್ಣು, ಬಾಳೆಹಣ್ಣಿನ ಕಳ್ಳು ಹಾಕಿ ಸೈ ಎನಿಸಿಕೊಂಡರಂತೆ.

ಮುಂದಿನ ಗಂಡಾಂತರ ಕಣ್ಣಳತೆ. ನಮ್ಮ ಅಡುಗೆಯ ಹೆಮ್ಮೆಯೇ ಅದು. ಸಾರಿಗೆ ಉಪ್ಪು ಹೆಚ್ಚಾದರೆ ನೀರು, ನೀರಾದರೆ ಬೇಳೆ, ಬೇಳೆ ಹೆಚ್ಚಾದರೆ ಅದನ್ನೇ ಹುಳಿ ಅಂದರಾಯಿತು. ಕೇಕು ಒಮ್ಮೆ ಓವನ್ ಹೊಕ್ಕ ಮೇಲೆ ಇಂಥ ರಾಜಿಗೆಲ್ಲ ಒಪ್ಪುವುದಿಲ್ಲ. “ಒಂದು ಲೋಟ ಮೈದಾ” ಎಂದರೆ ಅಜ್ಜಿಯ ಲೋಟದಲ್ಲಿ 150 ಮಿಲಿ, ಮದುವೆಯಲ್ಲಿ ಬಂದ ಸ್ಟೀಲ್ ಲೋಟದಲ್ಲಿ 250. ಅಡುಗೆಮನೆಯ ತಕ್ಕಡಿ ಒಂದು ತನ್ನಿ. ಮೈದಾ 225 ಗ್ರಾಂ, ಬೆಣ್ಣೆ 225, ಪುಡಿ ಸಕ್ಕರೆ 175, ಮೊಟ್ಟೆ ನಾಲ್ಕು, ಗೋಡಂಬಿ-ಬಾದಾಮಿ ಚೂರು 75, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. “ಚೆನ್ನಾಗಿ ಉಬ್ಬಲಿ” ಎಂದು ಎರಡು ಚಮಚ ಹಾಕಿದರೆ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ನಡು ಕುಸಿದು ಟಿನ್ನಿನಲ್ಲೊಂದು ಕಲ್ಯಾಣಿ ಸಿದ್ಧವಾಗುತ್ತದೆ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ, ಅದು ರೊಟ್ಟಿಗಿರಲಿ.

ಸಕ್ಕರೆ ಪುಡಿ ಮಾಡುವ ಮಿಕ್ಸಿ ಜಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾರು ತೊಳೆದು ಫಳಫಳ ಹೊಳೆಯುತ್ತಿದ್ದರೂ ಮುಚ್ಚಳದ ರಬ್ಬರ್ ರಿಂಗನ್ನು ಒಮ್ಮೆ ಮೂಸಿ ನೋಡಿ. ಬೆಳಗಿನ ಬೆಳ್ಳುಳ್ಳಿ ಚಟ್ನಿ ಅಲ್ಲೇ ಬಿಡಾರ ಹೂಡಿರುತ್ತದೆ. ಬೆಣ್ಣೆಗೆ ಎಂಥ ವಾಸನೆಯನ್ನಾದರೂ ಹೀರುವ ಗುಣ. ಎರಡು ಗಂಟೆ ಬೆಂದು, ನಾಲ್ಕು ದಿನ ಹದವಾಗಿ ಬಂದ ಕೇಕಿನ ಮೊದಲ ತುಂಡು ಬಾಯಿಗಿಟ್ಟ ಗೆಳತಿ “ಏನೋ ಒಂದು ಪರಿಮಳ ಇದೆಯಲ್ಲೇ, ಚೆನ್ನಾಗಿದೆ, ಏನದು?” ಎಂದು ಯೋಚಿಸುತ್ತ ಕೂರುತ್ತಾಳೆ. ರಿಂಗ್ ಬಿಚ್ಚಿ ಬಿಸಿಲಿಗಿಡಿ, ಇಲ್ಲವೇ ಪುಡಿ ಸಕ್ಕರೆ ಅಂಗಡಿಯಿಂದ ತನ್ನಿ. ಮಸಾಲೆಯಲ್ಲೂ ಕೈ ಬಿಗಿಯಿರಲಿ: ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಅರ್ಧ, ಜಾಯಿಕಾಯಿ ಕಾಲು, ಲವಂಗ ನಾಲ್ಕೇ ನಾಲ್ಕು. ಲವಂಗ ಎಂಟಾದರೆ ಅದು ಹಲ್ಲುನೋವಿನ ಔಷಧಿ.

ಬೇಕರಿ ಕೇಕಿನ ಆ ಕಪ್ಪು ಬಣ್ಣ ಸುಟ್ಟ ಸಕ್ಕರೆಯದು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆ, ಎರಡು ಚಮಚ ನೀರು. ಮೊದಲ ಏಳೆಂಟು ನಿಮಿಷ ಏನೂ ಆಗುವುದಿಲ್ಲ. ಬಾಗಿಲಿಗೆ ಕೊರಿಯರ್‌ನವನು ಬರುತ್ತಾನೆ. ಸಹಿ ಹಾಕಿ ತಿರುಗುವಷ್ಟರಲ್ಲಿ ಜೇನಿನ ಬಣ್ಣ ದಾಟಿ, ಡಿಕಾಕ್ಷನ್ ಬಣ್ಣ ದಾಟಿ, ಟಾರ್ ಆಗಿರುತ್ತದೆ. ಡಿಕಾಕ್ಷನ್ ಬಣ್ಣಕ್ಕೆ ಉರಿ ಆರಿಸಿ, ಕೈ ದೂರವಿಟ್ಟು, 100 ಮಿಲಿ ಬಿಸಿನೀರು ಹೊಯ್ಯಬೇಕು. ತಣ್ಣೀರು ಹೊಯ್ದರೆ ಸಿಡಿತ ಇನ್ನೂ ಜೋರು, ಸಕ್ಕರೆ ಕಲ್ಲಾಗಿ ತಳಕ್ಕೆ ಕಚ್ಚುತ್ತದೆ. ಕಚ್ಚಿದರೆ ಉಜ್ಜಬೇಡಿ, ನೀರು ತುಂಬಿಸಿ ಕುದಿಸಿ, ತಾನೇ ಬಿಡುತ್ತದೆ. ಹಿಟ್ಟಿಗೆ ಬೇಕಾಗುವುದು ನಾಲ್ಕು ದೊಡ್ಡ ಚಮಚ ಮಾತ್ರ, ಅದೂ ಪೂರ್ತಿ ಆರಿದ ಮೇಲೆ.

ಬೆಣ್ಣೆ-ಸಕ್ಕರೆ ತಿರುವುವ ಹಂತಕ್ಕೆ ಹವಾಮಾನ ವರದಿ ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗ್ಗೆ ಹೊರಗಿಟ್ಟ ಬೆಣ್ಣೆ ಮಧ್ಯಾಹ್ನವಾದರೂ ಕಲ್ಲು, ಮಂಗಳೂರಿನಲ್ಲಿ ಅರ್ಧ ಗಂಟೆಗೆ ತುಪ್ಪಕ್ಕೆ ಸಮೀಪ. ಬೆರಳಿಟ್ಟರೆ ಗುಳಿ ಬೀಳಬೇಕು, ಬೆರಳು ಮುಳುಗಬಾರದು. ಅವಸರಕ್ಕೆ ಕರಗಿಸಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ, ಕೇಕು ಇಟ್ಟಿಗೆಯಾಗುತ್ತದೆ. ಬೆಳ್ಳಗೆ ನೊರೆನೊರೆಯಾಗುವವರೆಗೆ ಬೀಟರಿನಲ್ಲಿ ಐದಾರು ನಿಮಿಷ, ಕೈಯಲ್ಲಾದರೆ ತೋಳು ಬಿದ್ದುಹೋಗುವವರೆಗೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಟ್ಟೆ ಒಡೆದರೆ ಮಿಶ್ರಣ ಒಡೆದ ಹಾಲಿನಂತೆ ಕಾಣುತ್ತದೆ. ಗಾಬರಿಯಾಗಿ ಚೆಲ್ಲಬೇಡಿ. ಒಂದು ಚಮಚ ಮೈದಾ ಹಾಕಿದರೆ ಕೂಡಿಕೊಳ್ಳುತ್ತದೆ.

ಕೇಕ್ ಮಾಡಿದವರನ್ನು ಅತಿ ಹೆಚ್ಚು ಅಳಿಸಿದ್ದು ಮಾತ್ರ ತಳ ಸೇರಿದ ದ್ರಾಕ್ಷಿ. ಮೇಲೆಲ್ಲ ಬರೀ ಕೇಕು, ಕೆಳಗೆ ಎರಡು ಬೆರಳು ದಪ್ಪದ ಹಣ್ಣಿನ ಪದರ, ಭೂಗರ್ಭಶಾಸ್ತ್ರದ ಪಾಠದ ಚಿತ್ರದಂತೆ. ಇದಕ್ಕೆ ಮೈದಾದಲ್ಲಿ ಹೊರಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಹೊರಳಿಸಿ, ಎರಡು ಚಮಚ ಮೈದಾ ಅದಕ್ಕೇ ಎತ್ತಿಡಿ. ಆದರೆ ನಿಜವಾದ ಕಾರಣ ಬೇರೆ: ನೆನೆದ ಹಣ್ಣನ್ನು ಸೋಸದೆ ಸುರಿದದ್ದು, ಮತ್ತು ಹಿಟ್ಟು ನೀರಾದದ್ದು. ಹಿಟ್ಟು ಇಡ್ಲಿ ಹಿಟ್ಟಿನಂತೆ ಸುರಿಯುವಂತಿದ್ದರೆ ಹಣ್ಣು ಮುಳುಗಿತು ಎಂದೇ ಲೆಕ್ಕ. ಚಮಚ ಎತ್ತಿದರೆ ಮುದ್ದೆಯಾಗಿ ನಿಂತು, ಒಮ್ಮೆ ಕೊಡವಿದ ಮೇಲೆ ಬೀಳಬೇಕು. ಉದ್ದಿನ ವಡೆಯ ಹಿಟ್ಟು ನೆನಪಿಸಿಕೊಳ್ಳಿ. ಹಣ್ಣು ಸೋಸಿದ ರಮ್ಮನ್ನು ಯಾರೋ ಕುಡಿಯುವ ಮೊದಲು ಎತ್ತಿಡಿ, ಕೊನೆಗೆ ಕೆಲಸಕ್ಕೆ ಬರುತ್ತದೆ.

ಟಿನ್ನಿನ ಒಳಗೆ ಬೆಣ್ಣೆ ಕಾಗದ ಎರಡು ಸುತ್ತು, ಹೊರಗೆ ಕಂದು ಕಾಗದ ಕಟ್ಟಿ ದಾರ ಬಿಗಿಯಿರಿ. ಒಂದೂವರೆ ಕೆಜಿಯ ಈ ಪಿಂಡ ನಡು ಬೇಯುವಷ್ಟರಲ್ಲಿ ಅಂಚು ಕರಕಲಾಗಬಾರದು. ಓಟಿಜಿಯನ್ನು, ಅಂದರೆ ಮನೆಯ ಕರೆಂಟ್ ಓವನ್ನನ್ನು, 150 ಡಿಗ್ರಿಗೆ ಕಾಯಿಸಿ, ಕೆಳಗಿನ ಅಂತಸ್ತಿನಲ್ಲಿಟ್ಟು, ಸುಮಾರು ಎರಡು ಗಂಟೆ. ಗುಂಡಿಯ ಮೇಲೆ ಬರೆದ 150ನ್ನು ಪೂರ್ತಿ ನಂಬಬೇಡಿ, ಒಳಗೆ 170 ಇರಬಹುದು. ಮೇಲ್ಭಾಗ ಉಬ್ಬಿ ಬಿರಿದು ಜ್ವಾಲಾಮುಖಿಯಾದರೆ ಶಾಖ ಜಾಸ್ತಿ ಎಂದರ್ಥ. ಒಂದು ಗಂಟೆಯ ಮೇಲೆ ತಲೆಗೊಂದು ಕಾಗದ ಮುಚ್ಚಿ. ಅದಕ್ಕೆ ಮುಂಚೆ ಬಾಗಿಲು ತೆಗೆಯಬಾರದು. ಮನೆಗೆ ಬಂದವರೆಲ್ಲ “ಎಲ್ಲಿ, ಒಂಚೂರು ನೋಡೋಣ” ಅನ್ನುತ್ತಾರೆ. ಗಾಜು ಇರುವುದೇ ಅದಕ್ಕೆ.

ಸರಿಯಾಗಿ ನಲವತ್ತನೇ ನಿಮಿಷಕ್ಕೆ ಕರೆಂಟ್ ಹೋಗುತ್ತದೆ. ಮನೆಯ ಯುಪಿಎಸ್ ಫ್ಯಾನು, ಟಿವಿಗೆ ಸರಿ. ಒಂದೂವರೆ ಸಾವಿರ ವ್ಯಾಟಿನ ಓವನ್ ಹಚ್ಚಿದರೆ ಕೀರಲು ದನಿಯಲ್ಲಿ ಕೂಗಿ ಮಲಗುತ್ತದೆ. ಬಾಗಿಲು ಮುಟ್ಟದೆ ಸುಮ್ಮನಿರಿ. ಹತ್ತು ಹದಿನೈದು ನಿಮಿಷಕ್ಕೆ ಬಂದರೆ ಅಷ್ಟೇ ಹೊತ್ತು ಮುಂದಕ್ಕೆ ಹಾಕಿದರಾಯಿತು. ಗಂಟೆಗಟ್ಟಲೆ ಬರದಿದ್ದರೆ ನಡು ಗಂಜಿಯಾಗಿಯೇ ಉಳಿಯುತ್ತದೆ. ಗೆಳತಿ ಒಳ್ಳೆಯವಳಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ತಪ್ಪನ್ನು ಹೇಳಿದ್ದು, ಕೇಕನ್ನಲ್ಲ.

ಬೆಂದಿತೇ ನೋಡಲು ಕಡ್ಡಿ ಚುಚ್ಚುವುದು ರೂಢಿ. ಹಣ್ಣಿನ ಕೇಕಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ದ್ರಾಕ್ಷಿಗೆ ಚುಚ್ಚಿಕೊಂಡು ಅಂಟಂಟಾಗಿ ಬಂದರೆ ಇನ್ನೂ ಹಸಿ ಎನಿಸುತ್ತದೆ. ಎರಡು ಮೂರು ಕಡೆ ಚುಚ್ಚಿ, ಆಮೇಲೆ ಕಿವಿ ಹತ್ತಿರ ತನ್ನಿ. ಹಸಿ ಕೇಕು ಒಳಗೊಳಗೇ ಚುರುಚುರು ಎಂದು ಗೊಣಗುತ್ತಿರುತ್ತದೆ. ಬೆಂದ ಮೇಲೆ ಸದ್ದು ಅಡಗುತ್ತದೆ. ಆಗ ಕಡ್ಡಿಯಿಂದ ತೂತು ಮಾಡಿ, ಎತ್ತಿಟ್ಟ ರಮ್ಮಿನಲ್ಲಿ ಎರಡು ಚಮಚ ಹನಿಸಿ, ಟಿನ್ನಿನಲ್ಲೇ ರಾತ್ರಿಯಿಡೀ ಆರಲು ಬಿಡಿ.

ಇಷ್ಟೆಲ್ಲ ಆಗಿ ಕೂತಾಗ ಮತ್ತೆ ಫೋನು. “ಹೇಳೋಕೆ ಮರ್ತೆ ನೋಡು, ಧನುರ್ಮಾಸ ಅಲ್ವಾ, ಮೊಟ್ಟೆ ಮುಟ್ಟಲ್ಲ. ರಮ್ಮೂ ಬೇಡ.” ಪಂಚಾಂಗ ಅವಳ ಕೈಯಲ್ಲೂ ಇದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಸುಕಿನಲ್ಲಿ ಹುಗ್ಗಿ ನೈವೇದ್ಯ ಮಾಡುವ ಮನೆಯವಳು. ಬೈದು ಪ್ರಯೋಜನವಿಲ್ಲ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಡಬ್ಬ ಒಂದು, ಬೆಣ್ಣೆ 100 ಗ್ರಾಂ, ಮೈದಾ 225, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ, ಸಡಿಲವಾಗಲು ಬೇಕಷ್ಟೇ ಕಿತ್ತಳೆ ರಸ. ಬೇರೆ ಸಕ್ಕರೆ ಬೇಡ, ಹಣ್ಣು 250 ಗ್ರಾಂ ಸಾಕು. ಮೊಟ್ಟೆಯ ಆಸರೆ ಇಲ್ಲದ ಹಿಟ್ಟು ಅದಕ್ಕಿಂತ ಭಾರ ಹೊರುವುದಿಲ್ಲ. ರಸ ಬಿದ್ದ ಕೂಡಲೇ ಸೋಡಾ ಕೆಲಸ ಶುರು ಮಾಡುತ್ತದೆ, ಹಾಗಾಗಿ ಕಲಸಿ ಕೂತು ಮಾತಾಡದೆ ನೇರ ಓವನ್ನಿಗೆ: 160 ಡಿಗ್ರಿ, ಒಂದು ಗಂಟೆಯ ಆಸುಪಾಸು. ಇದು ಮರುದಿನವೇ ತಿನ್ನಲು ಚೆಂದ. 22ರ ಸಂಜೆ ಎಚ್ಚರವಾದವರು ಮೊದಲೇ ಇದನ್ನು ಮಾಡಿದ್ದರೆ ಆಗುತ್ತಿತ್ತು.

ಹೊರಡುವ ದಿನ ಗೆಳತಿಗೆ ಅರ್ಧ ಕಟ್ಟಿಕೊಡುತ್ತೀರಿ. ಗರಗಸದ ಹಲ್ಲಿನ ಬ್ರೆಡ್ ಚಾಕುವಿನಿಂದ ಕತ್ತರಿಸಿ, ಮೊದಲು ಬೆಣ್ಣೆ ಕಾಗದ, ಅದರ ಮೇಲೆ ಫಾಯಿಲ್ ಸುತ್ತಿ. ಹಣ್ಣಿನ ಹುಳಿ ಫಾಯಿಲಿಗೆ ನೇರ ತಾಗಬಾರದು. ಬಸ್ಸಿನ ಡಿಕ್ಕಿಗೆ ಬೇಡ, ಕೈಚೀಲದಲ್ಲಿರಲಿ. ಐಸ್‌ಕ್ರೀಮ್ ಮುಗಿದ ಪ್ಲಾಸ್ಟಿಕ್ ಡಬ್ಬಿ ಹುಡುಕಿ ಅದರೊಳಗಿಟ್ಟು ಕಳಿಸಿ. ಎಂಟಿಂಚಿನ ಟಿನ್ ಸಮೇತ ಕೊಟ್ಟಿರೋ, ಮುಂದಿನ ಡಿಸೆಂಬರಿಗೆ ಟಿನ್ ಕೇಳಲು ನೀವೇ ಅವಳ ಮನೆಗೆ ಹೋಗಬೇಕಾಗುತ್ತದೆ.