ಮುಖ ನೋಡಿ ಮಣೆ

ಸ್ವಿಟ್ಜರ್ಲೆಂಡಿನಲ್ಲಿ ಮುಖ ಮುಚ್ಚಿಕೊಂಡು ಓಡಾಡಬಾರದೆಂಬ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂತಲ್ಲ, ಅದರ ವಿನಾಯಿತಿಗಳನ್ನು ಓದುತ್ತಾ ಕೂತಿದ್ದೆ. ಕಾನೂನಿಗಿಂತ ಅವೇ ಸೊಗಸು. ಚಳಿಯೆಂದರೆ ಮುಚ್ಚಿಕೊಳ್ಳಬಹುದು. ಕಾಯಿಲೆಯೆಂದರೆ ಮುಚ್ಚಿಕೊಳ್ಳಬಹುದು. ಊರ ಹಬ್ಬಕ್ಕೆ, ನಾಟಕಕ್ಕೆ, ಕಡೆಗೆ ಜಾಹೀರಾತಿಗೂ ಅಡ್ಡಿಯಿಲ್ಲ. ಇವ್ಯಾವುದೂ ಅಲ್ಲದಿದ್ದರೆ ಸಾವಿರ ಫ್ರಾಂಕ್‌ವರೆಗೆ ದಂಡ.

ಜಾಹೀರಾತು ಸೇರಿಕೊಂಡಿದ್ದು ವಿಯೆನ್ನಾದ ಶಾರ್ಕ್ ಮಾಡಿದ ಪುಣ್ಯವೇ ಇರಬೇಕು. 2017ರ ಅಕ್ಟೋಬರ್, ಆಸ್ಟ್ರಿಯಾದ ಇಂಥದೇ ಕಾನೂನು ಇನ್ನೂ ಹಸಿಹಸಿ. ಅಂಗಡಿಯೊಂದರ ಪ್ರಚಾರಕ್ಕೆ ಶಾರ್ಕ್ ವೇಷ ಹಾಕಿ ಬೀದಿಯಲ್ಲಿ ನಿಂತಿದ್ದವನಿಗೆ ಪೊಲೀಸರು ತಲೆ ತೆಗೆಯಲು ಹೇಳಿದರು. ಹೊಟ್ಟೆಪಾಡಿನ ಮೀನು, ಒಪ್ಪಲಿಲ್ಲ. ಕೇಸು ಬಿತ್ತು. ಯುರೋಪಿನ ನಾಗರಿಕತೆ ಅವತ್ತು ಕೂದಲೆಳೆಯಲ್ಲಿ ಪಾರಾಯಿತು.

ಈ ಬಾಬತ್ತಿನಲ್ಲಿ ವೆನಿಸ್ ಪ್ರಾಮಾಣಿಕ ಊರು. 1638ರಲ್ಲಿ ಅಲ್ಲಿ ಸರ್ಕಾರವೇ ರಿದೊತ್ತೊ ಎಂಬ ಜೂಜುಕಟ್ಟೆ ತೆರೆದಾಗ, ಆಡಲು ಬರುವವನಿಗೆ ಮುಖವಾಡ ಕಡ್ಡಾಯ. ಸಾಹುಕಾರನೋ ಸಾಲಗಾರನೋ, ಗಂಡೋ ಹೆಣ್ಣೋ, ಎದುರಾದವರಿಗೆಲ್ಲ ಒಂದೇ ನಮಸ್ಕಾರ: ‘ಸಿಯೋರಾ ಮಾಸ್ಕೆರಾ’, ಅಂದರೆ ಮುಖವಾಡದಮ್ಮಾ. ಮುಖವೇ ಕಾಣದ ಮೇಲೆ ಮುಖ ನೋಡಿ ಮಣೆ ಹಾಕುವುದು ಹೇಗೆ?

ಹೆಂಗಸರಿಗೆ ಮೊರೆತ್ತಾ ಅಂತ ಬೇರೆಯೇ ಒಂದಿತ್ತು. ಕಪ್ಪು ಮಖಮಲ್ಲಿನ ದುಂಡನೆಯ ಬಿಲ್ಲೆ. ದಾರವಿಲ್ಲ, ಪಟ್ಟಿಯಿಲ್ಲ, ಒಳಗಡೆ ಒಂದು ಗುಂಡಿ, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಬಾಯಿ ಬಿಟ್ಟರೆ ಮುಖವಾಡ ನೆಲಕ್ಕೆ. ಪಿಯೆತ್ರೊ ಲೊಂಗಿ 1751ರಲ್ಲಿ ಬರೆದ ಘೇಂಡಾಮೃಗದ ಚಿತ್ರದಲ್ಲಿ ಒಬ್ಬಳು ಇದನ್ನು ಕಚ್ಚಿಕೊಂಡು ನಿಂತಿದ್ದಾಳೆ. ಘೇಂಡಾಮೃಗವೇ ಬಂದು ನಿಂತಿದ್ದರೂ ಪಾಪ, ಅಯ್ಯೋ ಅನ್ನುವ ಹಾಗಿಲ್ಲ.

ಫ್ರಾನ್ಸ್ ಗೊತ್ತಲ್ಲ, ಗಣರಾಜ್ಯದ ಬದುಕು ತೆರೆದ ಮುಖದ್ದು ಎಂದು ಪೋಸ್ಟರ್ ಹೊಡೆಸಿದ ದೇಶ. 2011ರ ಏಪ್ರಿಲ್‌ನಿಂದ ಮುಖ ಮುಚ್ಚಿದರೆ 150 ಯೂರೊವರೆಗೆ ದಂಡ. 2020ರಲ್ಲಿ ಕೊರೊನಾ ಬಂತು, ಮೇ ತಿಂಗಳಿಂದ ಮೆಟ್ರೊದಲ್ಲಿ ಮುಖ ಮುಚ್ಚದಿದ್ದರೆ 135 ಯೂರೊ. ಹಳೆಯದನ್ನು ರದ್ದು ಮಾಡಿದರಾ? ಎಲ್ಲಿಂದ! ಒಂದೇ ಬೋಗಿ, ಒಂದೇ ಮೂಗು. ಬಟ್ಟೆ ಔಷಧಿ ಅಂಗಡಿಯದಾದರೆ ಸಜ್ಜನಿಕೆ, ದೇವರ ಹೆಸರಿನದಾದರೆ ಅಪರಾಧ.

ಸ್ವಿಸ್ ಜನ 2021ರ ಮಾರ್ಚ್‌ನಲ್ಲಿ ಮತ ಹಾಕಿದಾಗ ಹಾಲು ತರಲು ಹೋಗುವುದಕ್ಕೂ ಮಾಸ್ಕ್ ಬೇಕಿತ್ತು. ಆಗಲೂ ಶೇ. 51.2 ಮಂದಿ ಮುಖ ಮುಚ್ಚುವುದು ಬೇಡವೆಂದರು. ದೇಶದಲ್ಲಿ ಕಣ್ಣಷ್ಟೇ ಕಾಣುವ ನಿಖಾಬ್ ಹಾಕುವ ಮುಸ್ಲಿಂ ಹೆಂಗಸರು ಬೆರಳೆಣಿಕೆಯಷ್ಟು. ಅವರಿಗಾಗಿ ಇಷ್ಟು ದೊಡ್ಡ ಸಂತೆ. ಮನೆಯಲ್ಲಿ ಒಬ್ಬ ಹಾಕು ಅನ್ನುತ್ತಾನೆ, ಬೀದಿಯಲ್ಲಿ ಇನ್ನೊಬ್ಬ ತೆಗಿ ಅನ್ನುತ್ತಾನೆ. ನಿನಗೇನು ಬೇಕಮ್ಮಾ ಅಂತ ಇಬ್ಬರೂ ಕೇಳುವುದಿಲ್ಲ. ಇವಳೂ ಗುಂಡಿ ಕಚ್ಚಿಕೊಂಡೇ ನಿಂತಿರಬೇಕೇನು? ಬೇಜಾರಾಗುತ್ತದೆ, ಸ್ವಾಮಿ.

ಇರಲಿ. ಹಿಮದ ಮೇಲೆ ಸ್ಕೀ ಆಡಲು ಬಂದವರನ್ನು ನೋಡಿ. ಉಣ್ಣೆ ಟೋಪಿ ಹುಬ್ಬಿನವರೆಗೆ, ಮಫ್ಲರ್ ಮೂಗಿನವರೆಗೆ, ನಡುವೆ ಕನ್ನಡಿಯಂಥ ಗಾಗಲ್ಸ್. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಅವರನ್ನು ಯಾರೂ ನೀನ್ಯಾರು ಅಂತ ಕೇಳುವುದಿಲ್ಲ. ಟಿಕೆಟ್ ಕೇಳುತ್ತಾರೆ, ಅಷ್ಟೆ.