ಮೊಳೆ ಗೊತ್ತಿದ್ದೂ ಚೀನೀಯರು ಹಲಗೆ ಬಿಡಲಿಲ್ಲ, ಏಕೆ?

‘ಗುಟೆನ್‌ಬರ್ಗ್‌ಗಿಂತ 400 ವರ್ಷ ಮೊದಲೇ ಚೀನೀಯರು ಅಚ್ಚಿನ ಮೊಳೆ ಕಂಡುಹಿಡಿದರು, ಆದರೆ ಬಳಸಿಕೊಳ್ಳಲಿಲ್ಲ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. (ಮೊಳೆ ಎಂದರೆ ಒಂದೊಂದು ಅಕ್ಷರದ ಬಿಡಿ ಅಚ್ಚು, ಜೋಡಿಸಿ ಪುಟ ಮಾಡುವಂಥದ್ದು; ಹಲಗೆ ಎಂದರೆ ಇಡೀ ಪುಟವನ್ನೇ ಕೊರೆದ ಮರದ ಅಚ್ಚು.) ಆ ಮುದ್ರಕರಿಗೆ ಇದು ಅನ್ಯಾಯ. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಹಲಗೆಯ ಕೆಲಸ ನೋಡಿ. ಪಿಯರ್ ಇಲ್ಲವೇ ಎಲಚಿ ಜಾತಿಯ ಮರವನ್ನು ಚೆನ್ನಾಗಿ ಒಣಗಿಸಬೇಕು. ಹಸಿ ಉಳಿದರೆ ಸೊಟ್ಟಗಾಗುತ್ತದೆ, ಸೀಳುತ್ತದೆ. ತೆಳುಗಾಗದದಲ್ಲಿ ಬರೆದ ಪುಟವನ್ನು ಬೋರಲಾಗಿ ಅಂಟಿಸಿ, ಹಿಂಬದಿಯ ಕಾಗದ ಉಜ್ಜಿ ತೆಗೆದರೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ. ಸುತ್ತಲಿನ ಮರವನ್ನು ಕೊರೆದು ತೆಗೆಯಬೇಕು. ತಪ್ಪಾದರೆ ಹಲಗೆ ಎಸೆಯುವುದಿಲ್ಲ: ಆ ಅಕ್ಷರದಷ್ಟು ಜಾಗ ಕಿತ್ತು, ಮರದ ಚೂರು ಬಡಿದು ಕೂರಿಸಿ ಮತ್ತೆ ಕೊರೆಯುತ್ತಾರೆ. ಮಸಿ ಬಳಿದು, ಕಾಗದ ಹಾಸಿ, ಒಣ ಬ್ರಷ್‌ನಿಂದ ಸವರಿದರೆ ಮುಗಿಯಿತು. ಯಂತ್ರವೇ ಬೇಡ. ಮಸಿ ಹಿಂದಕ್ಕೆ ಹಾಯುವುದರಿಂದ ಒಂದೇ ಮಗ್ಗುಲಿಗೆ ಅಚ್ಚು ಹಾಕಿ ಹಾಳೆಯನ್ನು ನಡುವೆ ಮಡಚುತ್ತಿದ್ದರು.

ನಿಜವಾದ ಲಾಭ ಆಮೇಲಿನದು. ಹಲಗೆ ಉಳಿಯುತ್ತದೆ. ಈಗ ಐವತ್ತು ಪ್ರತಿ ತೆಗೆದು, ಹತ್ತು ವರ್ಷ ಬಿಟ್ಟು ಕೇಳಿದವರಿಗೆ ಇನ್ನೂ ಮೂವತ್ತು ತೆಗೆಯಬಹುದು. ಮೊಳೆಯಾದರೆ ಬಿಚ್ಚಿಡಬೇಕು, ಮುಂದಿನ ಸಲಕ್ಕೆ ಮೊದಲಿನಿಂದ ಜೋಡಿಸಿ ಕರಡು ತಿದ್ದಬೇಕು. 1040ರ ದಶಕದಲ್ಲಿ ಬಿ ಶೆಂಗ್ ಮಾಡಿದ ಸುಟ್ಟ ಮಣ್ಣಿನ ಮೊಳೆಗಳನ್ನು ವಿವರಿಸಿದ ವಿದ್ವಾಂಸ ಶೆನ್ ಕುವೊ ಇದನ್ನು ಆಗಲೇ ಗುರುತಿಸಿದ್ದ: ಎರಡು ಮೂರು ಪ್ರತಿಗೆ ಇದು ಸುಲಭವಲ್ಲ, ನೂರಾರು ಸಾವಿರಾರು ಪ್ರತಿಗಾದರೆ ಬಲು ಬೇಗ. ಪದೇ ಪದೇ ಬರುವ ಒಂದೊಂದು ಅಕ್ಷರಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಮೊಳೆ ಬೇಕಾಗುತ್ತಿತ್ತು.

ನನಗೆ ನಿಜಕ್ಕೂ ನೋವಾಗುವುದು ಮೊಳೆಯ ವಿಷಯಕ್ಕಲ್ಲ, ಒಟ್ಟುಗೂಡಿಸಿದ್ದನ್ನು ಅಚ್ಚು ಹಾಕದೆ ಬಿಟ್ಟದ್ದಕ್ಕೆ. ಯೋಂಗ್‌ಲೆ ಚಕ್ರವರ್ತಿಯ ವಿಶ್ವಕೋಶ 1408ಕ್ಕೆ ಮುಗಿದಾಗ 11,095 ಸಂಪುಟ. ಹಳೆಯ ಗ್ರಂಥಗಳನ್ನು ಕೆಲವು ಇಡಿಯಾಗಿ, ಕೆಲವು ತುಂಡು ಮಾಡಿ, ಪ್ರಾಸದ ಕ್ರಮದಲ್ಲಿ ಜೋಡಿಸಿದ್ದರು. ಎಲ್ಲವೂ ಕೈಬರಹ. 1560ರ ದಶಕದಲ್ಲಿ ಇನ್ನೊಂದೇ ಒಂದು ನಕಲು ತೆಗೆದರು. ಮೂಲ ಕಾಣೆಯಾಯಿತು, ನಕಲಿನಲ್ಲಿ ಇಂದು ಉಳಿದಿರುವುದು 400ರ ಆಸುಪಾಸು ಸಂಪುಟ.

ಅಷ್ಟಾದರೂ ಆ ಕೋಶ ಋಣ ತೀರಿಸಿತು. 1773ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ವಿದ್ವಾಂಸರು ‘ಸಿಕು ಚುವಾನ್‌ಶು’ ಸಂಗ್ರಹಕ್ಕೆ ಕೈಹಾಕಿದಾಗ, ಆಗ ಕೈಗೆ ಸಿಕ್ಕ ಸಂಪುಟಗಳಿಂದ ಚೂರುಗಳನ್ನು ಹೆಕ್ಕಿ, ಬೇರೆಲ್ಲೂ ಸಿಗದ 385 ಕೃತಿಗಳನ್ನು ಮತ್ತೆ ಕಟ್ಟಿದರು. ಇಂಥ ಅಪರೂಪದ ಪುಸ್ತಕಗಳನ್ನು ಅಚ್ಚು ಹಾಕುವ ಹೊಣೆ ಹೊತ್ತ ಜಿನ್ ಜಿಯಾನ್ ಈ ಸಲ ಮೊಳೆಯನ್ನೇ ಆರಿಸಿಕೊಂಡ. ಪುಸ್ತಕ ಹಲವು, ಪ್ರತಿ ಕಡಿಮೆ. ಪ್ರತಿಯೊಂದಕ್ಕೂ ಹಲಗೆ ಕೊರೆಸಿದರೆ ಖರ್ಚಿಗೆ ಕೊನೆಯಿಲ್ಲ. ಎಲಚಿ ಜಾತಿಯ ಮರದಲ್ಲಿ ಸುಮಾರು ಎರಡೂವರೆ ಲಕ್ಷ ಮೊಳೆ ಕೆತ್ತಿಸಿ ನೂರಕ್ಕೂ ಹೆಚ್ಚು ಕೃತಿಗಳನ್ನು ಹೊರತಂದರು.