ಪೌಡರ್ ರೂಮಿನ ಗೋಡೆ ಕಂದು ಬಣ್ಣದ್ದಾಗಿರಲಿ

ಬಾಗಲಕೋಟೆಯ ನವನಗರದಲ್ಲಿ ಈಚೆಗೆ ಏಳುತ್ತಿರುವ ಮನೆಗಳ ನಕ್ಷೆಗಳಲ್ಲಿ ಪಡಸಾಲೆಗೆ ಹೊಂದಿಕೊಂಡು, ಸುಮಾರು ನಾಲ್ಕಡಿ ಅಗಲ ಐದಡಿ ಉದ್ದದ ಒಂದು ಪುಟ್ಟ ಕೋಣೆ ಕಾಣಿಸಿಕೊಳ್ಳುತ್ತಿದೆ. ಸ್ನಾನಕ್ಕೆ ಅವಕಾಶವಿಲ್ಲದ, ಕಮೋಡು, ವಾಶ್ ಬೇಸಿನ್ನು ಮತ್ತು ಕನ್ನಡಿಯಷ್ಟೇ ಇರುವ, ಬಂದ ಬೀಗರು ನೆಂಟರಿಗಾಗಿಯೇ ಮೀಸಲಾದ ಪೌಡರ್ ರೂಮ್ ಇದು. ಜಾಗ ಚಿಕ್ಕದೆಂಬ ಒಂದೇ ಕಾರಣಕ್ಕೆ ಇದಕ್ಕೆ ನೆಲದಿಂದ ಚಾವಣಿಯವರೆಗೆ ಹೊಳಪಿನ ಬಿಳಿ ಟೈಲ್ಸ್ ಹಚ್ಚುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಗೋಡೆಗಳು ಗಾಢ ಕಂದು ಬಣ್ಣದವಾಗಿರಬೇಕು, ಆ ಕಂದು ಹೊಳಪಿಲ್ಲದ ಸುಣ್ಣದ ಗಾರೆಯದಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬಣ್ಣಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಬಾದಾಮಿಯಲ್ಲಿ ಚಾಲುಕ್ಯರ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಕಂಬಗಳ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ, ಹೊರಗಿನ ಬೆಳಕು ಇಳಿದಂತೆಲ್ಲ ಕಲ್ಲಿನ ಕೆಂಪು ಕಂದಿಗೆ ತಿರುಗುವುದು ಗೊತ್ತಿರುತ್ತದೆ. ಆ ಮರಳುಗಲ್ಲಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡು. ಗಾರೆಗೆ ಬೆರೆಸುವ ಕಂದು ಪುಡಿಯೂ ಮೂಲತಃ ಅದೇ. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಅನೇಕ ಬಣ್ಣಗಳು ಮಾಸಿಹೋಗುತ್ತವೆ, ಆದರೆ ಕಬ್ಬಿಣದ ಆಕ್ಸೈಡು ಮಾಸುವುದಿಲ್ಲ. ಪುಡಿಯ ಪ್ರಮಾಣ ಸುಣ್ಣದ ತೂಕದ ಶೇಕಡಾ 10ನ್ನು ಮೀರದಂತೆ ನೋಡಿಕೊಳ್ಳಬೇಕು, ಮೀರಿದರೆ ಗಾರೆ ಸಡಿಲವಾಗುತ್ತದೆ. ಚಾವಣಿಗೂ ಇದೇ ಬಣ್ಣವಿರಲಿ. ಗೋಡೆ ಎಲ್ಲಿ ಮುಗಿಯಿತೆಂಬ ಗೆರೆ ಅಳಿಸಿದಾಗ ಮೂಲೆಗಳು ಕಣ್ಣಿಗೆ ಹೊಡೆಯುವುದಿಲ್ಲ, ಇಕ್ಕಟ್ಟೂ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಹಣ ಉಳಿಸಬಾರದ ಜಾಗವೆಂದರೆ ದೀಪ. ಗಾಢ ಕಂದು ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಹೀಗಿರುವಾಗ ಚಾವಣಿಯ ನಡುವೆ ಒಂದೇ ದೀಪ ಕೂಡಿಸಿದರೆ ಕನ್ನಡಿಯ ಮುಂದೆ ನಿಂತವರ ಕಣ್ಣು, ಗದ್ದಗಳ ಕೆಳಗೆ ನೆರಳು ಕಟ್ಟುತ್ತದೆ, ತಲೆ ಬಾಚಿಕೊಳ್ಳಲು ಬಂದ ಅತಿಥಿ ತಾನೇ ಬಳಲಿದಂತೆ ಕಾಣುತ್ತಾನೆ. ಕನ್ನಡಿಯ ಎರಡೂ ಬದಿಗೆ, ನೆಲದಿಂದ ಐದರಿಂದ ಐದೂವರೆ ಅಡಿ ಎತ್ತರದಲ್ಲಿ, ಹಳದಿ ಛಾಯೆಯ ಬೆಳಕು ಕೊಡುವ 2700ರಿಂದ 3000 ಕೆಲ್ವಿನ್‌ನ, ಸಿಆರ್‌ಐ (ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಳತೆ) 90ಕ್ಕಿಂತ ಹೆಚ್ಚಿರುವ ದೀಪಗಳನ್ನು ಹಾಕಿಸಬೇಕು. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೈಗಿಡುವ, ನೀಲಿ ಛಾಯೆಯ ಬಿಳಿ ಬೆಳಕಿನ 6500 ಕೆಲ್ವಿನ್‌ನ ಬಲ್ಬಿನಡಿ ಎಂಥ ಚೆಂದದ ಕಂದೂ ಬೂದಿಯ ಬಣ್ಣಕ್ಕೆ ಇಳಿಯುತ್ತದೆ.

ಇನ್ನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ತಿಳಿದದ್ದೇ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೊಳಪಿನ ಕಂದು ಟೈಲ್ಸ್ ಮೇಲೆ ಒಣಗಿ ಬಿಳಿ ಕಲೆಗಳಾಗಿ ನಿಲ್ಲುತ್ತವೆ. ಗಾರೆಗೂ ನೇರ ನೀರು ಬೀಳಬಾರದು. ಆದ್ದರಿಂದ ಬೇಸಿನ್ನಿನ ಹಿಂದೆ ಎರಡಡಿ ಎತ್ತರದವರೆಗೆ ಇಳಕಲ್ಲಿನ ಕೆಂಪು ಗ್ರಾನೈಟನ್ನು, ಹೊಳಪು ಕೊಡಿಸದೆ, ಕೂಡಿಸುವುದು ಉತ್ತಮ. ಅಗ್ಗವೆಂದು ಶಹಾಬಾದ್ ಕಲ್ಲನ್ನು ಬಳಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅದು ಸುಣ್ಣದ ಕಲ್ಲು, ಕಮೋಡು ತೊಳೆಯುವ ಆಮ್ಲದ ಹನಿ ಬಿದ್ದಲ್ಲೆಲ್ಲ ನೊರೆಯೆದ್ದು ಸವೆಯುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ನೆಲಕ್ಕೂ ಅದನ್ನೇ ಒರಟಾಗಿ ಬಿಟ್ಟು ಹಾಸಿದರೆ ವಯಸ್ಸಾದವರು ಜಾರುವುದಿಲ್ಲ.

ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಾಗ ಈ ಕೋಣೆಯ ಕೆಲಸವೇ ಕೊನೆಗೆ ಉಳಿಯುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡೇ ಗಟ್ಟಿಯಾಗಬೇಕು, ಅದು ಸಿಮೆಂಟಿನಂತೆ ಬೇಗನೆ ಆಗುವ ಕೆಲಸವಲ್ಲ. ಮೇಸ್ತ್ರಿ ಎಷ್ಟೇ ಅವಸರ ಮಾಡಿದರೂ, ಕೊನೆಯ ಕೈ ಗಾರೆ ಹಚ್ಚಿದ ಮೇಲೆ ಕಡೇಪಕ್ಷ ಒಂದು ತಿಂಗಳು ಆ ಕೋಣೆಯ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಬೇಸಿಗೆಯಾದರೆ ಮೊದಲ ಕೆಲವು ದಿನ ಗೋಡೆಗೆ ತೆಳುವಾಗಿ ನೀರು ಸಿಂಪಡಿಸುತ್ತಿರಬೇಕು.